ಕಾರ್ಖಾನೆಯಲ್ಲಿ ಮನಸ್ಸಿನ ನೆಮ್ಮದಿ



ಕಾರ್ಖಾನೆಯ ಕೆಲಸಗಾರರ ಆರೋಗ್ಯವೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಗಾಳಿ, ಬೆಳಕು, ಶುದ್ಧವಾದ ಕುಡಿಯುವ ನೀರು. ಇವು ಅವಶ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದಿನವೆಲ್ಲ ಪಕ್ಕದವನೊಡನೆ ಒಂದು ಮಾತಿಲ್ಲದೆ, ಮೇಲಿನವರಿಂದ ಒಂದು ವಿಚಾರಣೆಯಿಲ್ಲದೆ ದುಡಿಯುವವನಿಗೆ ಬರುವ ಬೇನೆಯೊಂದುಂಟು. ಅದಕ್ಕೆ ಔಷಧಾಲಯದಲ್ಲಿ ಮದ್ದು ದೊರೆಯದು. ಈ ಬೇನೆಯ ಕಡೆಗೆ ವಿದ್ವಾಂಸರ ದೃಷ್ಟಿ ತಿರುಗಿದುದು ಬಹುಮಟ್ಟಿಗೆ ಆಕಸ್ಮಿಕವಾಗಿ, ಅಮೆರಿಕದ ಷಿಕಾಗೊ ನಗರದ ಅಂಚಿನಲ್ಲಿದ್ದ ಹಾಥಾರ್ನ್ ಎಂಬ ಟೆಲಿಫೋನ್ ಸಲಕರಣೆಗಳ ಕಾರ್ಖಾನೆಯಲ್ಲಿ.

ದೀಪದ ಬೆಳಕು ಹೆಚ್ಚಿದರೆ ಕೆಲಸವೂ ಹೆಚ್ಚುವುದೇ ಎಂದು ತಿಳಿಯಲು ಅಲ್ಲಿ 1924ರಲ್ಲಿ ಪ್ರಯೋಗಗಳು ಪ್ರಾರಂಭವಾದುವು. ಫಲ ವಿಚಿತ್ರವಾಯಿತು. ಬೆಳಕನ್ನು ಬದಲಾಯಿಸಿದ ಗುಂಪಿನಲ್ಲಿ ಕೆಲಸ ಹೆಚ್ಚಿತು. ಬದಲಾಯಿಸದ ಗುಂಪಿನಲ್ಲಿಯೂ ಹೆಚ್ಚಿತು. ಬೆಳದಿಂಗಳಷ್ಟು ಮಂದವಾದ ಬೆಳಕಿನಲ್ಲಿಯೂ ಇಬ್ಬರು ಕೆಲಸಗಾರ್ತಿಯರು ಉತ್ಪತ್ತಿಯನ್ನು ತಗ್ಗಗೊಡಲಿಲ್ಲವಂತೆ!

1927ರಲ್ಲಿ ರಿಲೇ ಎಂಬ ಸಣ್ಣ ಉಪಕರಣವನ್ನು ಜೋಡಿಸುವ ಐವರು ಹೆಣ್ಣುಮಕ್ಕಳನ್ನೂ, ಅವರಿಗೆ ಬಿಡಿಭಾಗಗಳನ್ನು ಒದಗಿಸುವ ಇನ್ನೊಬ್ಬಳನ್ನೂ ಪ್ರತ್ಯೇಕವಾದ ಕೊಠಡಿಯಲ್ಲಿ ಕೂರಿಸಿದರು. ವಿರಾಮಗಳನ್ನು ಕೊಟ್ಟರು, ಉಪಾಹಾರ ಕೊಟ್ಟರು, ಕೆಲಸದ ವೇಳೆಯನ್ನು ಕಡಿಮೆ ಮಾಡಿದರು, ಉತ್ಪತ್ತಿ ಏರಿತು. ಬಳಿಕ ಇವೆಲ್ಲವನ್ನೂ ತೆಗೆದುಹಾಕಿ ನೋಡಿದರೆ, ಅದು ಮೊದಲಿನ ಮಟ್ಟಕ್ಕೆ ಇಳಿಯಲೇ ಇಲ್ಲ. ಆ ಕೊಠಡಿಯಲ್ಲಿ ಹುಡುಗಿಯರು ಪರಸ್ಪರ ಮಾತನಾಡಬಹುದಾಗಿತ್ತು. ಬದಲಾವಣೆಗಳಿಗೆ ಮುನ್ನ ಅವರ ಅಭಿಪ್ರಾಯವನ್ನೂ ಕೇಳುತ್ತಿದ್ದರು. ಮುಂದೆ ಈ ಸಂಶೋಧನೆಯಲ್ಲಿ ಸೇರಿದ ಹಾರ್ವರ್ಡಿನ ಪ್ರಾಧ್ಯಾಪಕ ಎಲ್ಟನ್ ಮೇಯೊ ಅವರು, ಏಳಿಗೆಯ ಕಾರಣವನ್ನು ಮುಖ್ಯವಾಗಿ ಈ ಸಂಗಡಿಕೆಯಲ್ಲಿ ಕಂಡರು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಸ್ನೇಹದ ಕೊಠಡಿಯೆಂದು ಹೆಸರಾದ ಅಲ್ಲಿಂದಲೇ 1928ರ ಪ್ರಾರಂಭದಲ್ಲಿ ಇಬ್ಬರನ್ನು, ಮಾತು ಹೆಚ್ಚು, ಸಹಕಾರ ಕಡಿಮೆ ಎಂದು ಹೊರಗಟ್ಟಿ ಬೇರಿಬ್ಬರನ್ನು ತಂದರು. ಕೂಲಿಯ ಲೆಕ್ಕವೂ ಬದಲಾಗಿತ್ತು: ಆ ಚಿಕ್ಕ ಗುಂಪಿನ ದುಡಿಮೆಗೆ ತಕ್ಕಂತೆ ಅವರಿಗೆ ಹಣ ದೊರೆಯುತ್ತಿತ್ತು. ಆದುದರಿಂದ ಏಳಿಗೆಯೆಲ್ಲವೂ ಸೌಹಾರ್ದದ ಫಲವೆನ್ನುವುದನ್ನು ಅನಂತರದ ವಿಮರ್ಶಕರು ಒಪ್ಪಲಿಲ್ಲ. ನನಗೂ ಅದು ಅತಿಯಾದ ಮಾತೆಂದೇ ತೋರುತ್ತದೆ.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದುದು ಮುಂದಿನ ಕಾರ್ಯ. 1928ರಿಂದ 1930ರವರೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಕಂಡು ಮಾತನಾಡಿಸಿದರು. ಮೊದಲು ಗೊತ್ತಾದ ಪ್ರಶ್ನೆಗಳನ್ನು ಕೇಳುತ್ತಿದ್ದರು. ಆದರೆ ಕೆಲಸಗಾರರ ಮಾತು ಪ್ರಶ್ನೆಯ ಬೇಲಿಯನ್ನು ದಾಟಿ ಎಲ್ಲೆಲ್ಲಿಗೋ ಹರಿಯುತ್ತಿತ್ತು. ಕಡೆಗೆ ಪ್ರಶ್ನೆಗಳನ್ನು ಬದಿಗಿಟ್ಟು ಸುಮ್ಮನೆ ಕೇಳತೊಡಗಿದರು. ಅರ್ಧ ಗಂಟೆಯ ಸಂದರ್ಶನ ಒಂದೂವರೆ ಗಂಟೆಗೆ ಬೆಳೆಯಿತು. ಮೇಲ್ವಿಚಾರಕನನ್ನು ಕಂಡರಾಗದ ಒಬ್ಬಾಕೆಗೆ, ಅವನ ಮುಖದಲ್ಲಿ ತಾನು ದ್ವೇಷಿಸುತ್ತಿದ್ದ ಮಲತಂದೆಯ ಹೋಲಿಕೆಯಿದ್ದುದು ಹೀಗೆ ಮಾತನಾಡುತ್ತಿರುವಾಗಲೇ ಹೊಳೆಯಿತಂತೆ. ನಮ್ಮಲ್ಲಿ ಹಿರಿಯರು "ಊಟವಾಯಿತೆ?" ಎಂದು ಕೇಳುವುದು ಅನ್ನದ ಲೆಕ್ಕಕ್ಕಾಗಿಯೇ ಅಲ್ಲವಷ್ಟೆ.

ಆದರೆ ಕಿವಿಗೊಟ್ಟರೆ ಸಾಕೆ? 1931ರಲ್ಲಿ ತಂತಿ ಜೋಡಿಸುವ ಹದಿನಾಲ್ವರು ಗಂಡಸರ ಗುಂಪೊಂದನ್ನು ಬೇರೊಂದು ಕೊಠಡಿಯಲ್ಲಿ ಗಮನಿಸಿದರು. ಅವರಲ್ಲಿಯೂ ಸ್ನೇಹವಿತ್ತು, ಹಾಸ್ಯವಿತ್ತು. ಆದರೆ ದಿನಕ್ಕೆ ಇಷ್ಟೇ ಕೆಲಸವೆಂದು ಅವರು ತಮ್ಮೊಳಗೇ ಗೊತ್ತುಮಾಡಿಕೊಂಡಿದ್ದರು. ಮೀರಿದವನ ತೋಳಿಗೆ ಜೊತೆಗಾರರಿಂದ ಒಂದು ಗುದ್ದು ಬೀಳುತ್ತಿತ್ತು. ಹೆಚ್ಚು ದುಡಿದರೆ ಕೂಲಿಯ ದರ ಇಳಿದೀತು, ಕೆಲವರ ಕೆಲಸವೇ ಹೋದೀತು ಎಂಬುದು ಅವರ ಅಂಜಿಕೆ. ಈ ಅಂಜಿಕೆಗೆ ಆಧಾರವಿಲ್ಲವೆಂದು ಸಂಶೋಧಕರು ಭಾವಿಸಿದರು. 1929ರಲ್ಲಿ ತಲೆದೋರಿದ ಆರ್ಥಿಕ ಮುಗ್ಗಟ್ಟು ಅಷ್ಟರಲ್ಲಿ ಕಾರ್ಖಾನೆಯನ್ನೂ ಹಿಡಿದಿತ್ತು. 1932ರಲ್ಲಿ, ಮಾಡಲು ಕೆಲಸವೇ ಇಲ್ಲದೆ, ಆ ಕೊಠಡಿಯನ್ನು ಮುಚ್ಚಿದರು.