ಪಿಕಪ್ ವಾಹನಕ್ಕೆ ದೊಡ್ಡ ಟೈರು: ಲೆಕ್ಕಪುಸ್ತಕ ಹೇಳುವ ಕಥೆ

ವ್ಯಾಪಾರೋದ್ಯಮದಲ್ಲಿ ತೊಡಗಿರುವ ನಮ್ಮ ಸದಸ್ಯರಲ್ಲಿ ಪಿಕಪ್ ವಾಹನವಿಲ್ಲದವರು ವಿರಳ. ಶಿವಮೊಗ್ಗದ ಗೋದಾಮಿನಿಂದ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ತೋಟದ ಮನೆಗಳವರೆಗೆ ಸರಕು ತಲುಪಿಸಬೇಕಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿನೊಡನೆ ಸೆಣಸಾಡುವುದು ಅನಿವಾರ್ಯ. ಆದ್ದರಿಂದಲೇ ಇತ್ತೀಚಿನ ವರ್ಷಗಳಲ್ಲಿ ನಾಲ್ಕು ಚಕ್ರಗಳಿಗೂ ಚಾಲನಾಶಕ್ತಿಯುಳ್ಳ ಪಿಕಪ್‌ಗಳನ್ನು ಕೊಳ್ಳುವುದೂ, ಕೊಂಡ ಮೇಲೆ ಅವುಗಳಿಗೆ ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರು ಹಾಗೂ ಅಗಲವಾದ ರಿಮ್ಮು ಹಾಕಿಸುವುದೂ ಹೆಚ್ಚುತ್ತಿದೆ. ಇದು ಗ್ಯಾರೇಜಿನವರಿಗೆ ಸೇರಿದ ವಿಷಯ, ಲೆಕ್ಕ ಪರಿಶೋಧಕನಿಗೇನು ಕೆಲಸ ಎಂದು ಓದುಗರು ಕೇಳಬಹುದು. ಅದಕ್ಕೆ ಉತ್ತರವಾಗಿ ನನ್ನ ಕಡತದಲ್ಲಿಯೇ ನಡೆದ ಒಂದು ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ.

ರಾಗಿಗುಡ್ಡದ ಗೋದಾಮಿನ ಪ್ರಸಂಗ

ರಾಗಿಗುಡ್ಡದಲ್ಲಿ ಗೋದಾಮು ಇಟ್ಟುಕೊಂಡಿರುವ ನನ್ನ ಕಕ್ಷಿದಾರರೊಬ್ಬರು ಅಡಿಕೆ ತೋಟಗಳಿಗೆ ಪಂಪ್‌ಸೆಟ್ಟು, ಪೈಪು ಮತ್ತು ಹನಿ ನೀರಾವರಿ ಸಾಮಗ್ರಿಗಳನ್ನು ಪೂರೈಸುತ್ತಾರೆ. ಅರ್ಧ ವರ್ಷದ ಲೆಕ್ಕ ಪರಿಶೀಲಿಸುವಾಗ ಅವರ ಇತರೆ ಆದಾಯದ ಖಾತೆಯಲ್ಲಿ ಮೂರು ಸಣ್ಣ ಜಮೆಗಳು ಕಂಡವು. ಪ್ರತಿ ತಿಂಗಳೂ 2,970 ರೂಪಾಯಿ. ವಿವರಣೆ, 'ಚಾಲಕರಿಂದ ವಸೂಲಾದ ಡೀಸೆಲ್ ಕೊರತೆ'. ವಿಚಾರಿಸಿದಾಗ ಯಜಮಾನರು ಬೇಸರದಿಂದಲೇ ಹೇಳಿದರು: "ಹನ್ನೊಂದು ವರ್ಷದಿಂದ ಇದ್ದ ಹುಡುಗ ಸಾರ್. ಲೀಟರಿಗೆ 12 ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಈಗ 10 ಕೊಡುತ್ತಿದೆ. ತಿಂಗಳಿಗೆ 33 ಲೀಟರ್ ಎಲ್ಲಿ ಹೋಯಿತು? ಸಂಬಳದಲ್ಲಿ ಹಿಡಿದಿದ್ದೇನೆ. ಮುಂದಿನ ತಿಂಗಳು ಬೇರೆಯವರನ್ನು ನೋಡಬೇಕು."

ಲೆಕ್ಕವೇನೋ ಸರಿಯಾಗಿಯೇ ಇತ್ತು. ಲಾಗ್ ಪುಸ್ತಕದ ಪ್ರಕಾರ ತಿಂಗಳಿಗೆ 2,000 ಕಿಲೋಮೀಟರ್ ಓಟ. ಹಳೆಯ ದರದಲ್ಲಿ 167 ಲೀಟರ್ ಸಾಕಿತ್ತು, ಬಂಕಿನ ರಸೀತಿಗಳು 200 ಲೀಟರ್ ತೋರಿಸುತ್ತಿದ್ದವು. ಲೀಟರಿಗೆ 90 ರೂಪಾಯಿ ಹಿಡಿದು ಕೊರತೆಯನ್ನು ಕಟ್ಟಲಾಗಿತ್ತು. ಆದರೆ ಅದೇ ವಾಹನದ ದುರಸ್ತಿ ಖಾತೆಯಲ್ಲಿ, ಕೊರತೆ ಆರಂಭವಾಗುವುದಕ್ಕೆ ಸರಿಯಾಗಿ ಮುಂಚಿನ ತಿಂಗಳಿನಲ್ಲಿ, ಐದು ಟೈರು ಮತ್ತು ಐದು ರಿಮ್ಮುಗಳ ಬಿಲ್ಲು ಇತ್ತು. 215/75 ಆರ್ 15 ಅಳತೆಯ ಟೈರುಗಳನ್ನು ತೆಗೆದು 31 ಅಂಗುಲ ಎತ್ತರದವನ್ನು ಹಾಕಿಸಲಾಗಿತ್ತು. ಎರಡೂ ನಮೂದುಗಳು ಒಂದೇ ಪುಸ್ತಕದಲ್ಲಿದ್ದವು. ಅವೆರಡನ್ನೂ ಯಾರೂ ಜೋಡಿಸಿ ನೋಡಿರಲಿಲ್ಲ. ಹಿಂದಿನ ತಿಂಗಳ ಪಟ್ಟಿಗೆ ಸಹಿ ಹಾಕಿದ್ದ ನಾನೂ ನೋಡಿರಲಿಲ್ಲ.

ಟೈರಿನ ಅಳತೆಯನ್ನು ಓದುವ ಬಗೆ

215/75 ಆರ್ 15 ಎಂದರೆ ಟೈರಿನ ಅಗಲ 215 ಮಿಲಿಮೀಟರ್. ಅದರ ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ 75, ಅಂದರೆ 161 ಮಿ.ಮೀ.; ರಿಮ್ಮಿನ ವ್ಯಾಸ 15 ಅಂಗುಲ, ಅಂದರೆ 381 ಮಿ.ಮೀ. 'ಆರ್' ಅಕ್ಷರ ರೇಡಿಯಲ್ ರಚನೆಯನ್ನು ಸೂಚಿಸುತ್ತದೆ. ಎರಡು ಬದಿಯ ಗೋಡೆ ಹಾಗೂ ರಿಮ್ಮು ಕೂಡಿಸಿದರೆ ಒಟ್ಟು ವ್ಯಾಸ ಸುಮಾರು 703 ಮಿ.ಮೀ. ಆಗುತ್ತದೆ. 31 ಅಂಗುಲದ ಟೈರಿನ ವ್ಯಾಸ 787 ಮಿ.ಮೀ. ವ್ಯತ್ಯಾಸ ಹೆಚ್ಚು ಕಡಿಮೆ ಶೇಕಡಾ 12.

ಓಡಿದ ದೂರವನ್ನು ವಾಹನದ ಮಾಪಕವು ರಸ್ತೆಯನ್ನು ನೋಡಿ ಅಳೆಯುವುದಿಲ್ಲ. ಚಕ್ರ ಅಥವಾ ಗೇರ್‌ಪೆಟ್ಟಿಗೆಯ ಸುತ್ತುಗಳನ್ನು ಎಣಿಸಿ, ಹಳೆಯ ಟೈರಿನ ಸುತ್ತಳತೆಯಿಂದ ಗುಣಿಸುತ್ತದೆ. ಹಳೆಯ ಟೈರು ಒಂದು ಕಿಲೋಮೀಟರಿಗೆ ಸುಮಾರು 452 ಸುತ್ತು ಸುತ್ತಿದರೆ ಹೊಸದು 404 ಸುತ್ತಿನಲ್ಲಿಯೇ ಅಷ್ಟು ದೂರ ಕ್ರಮಿಸುತ್ತದೆ. ಆದ್ದರಿಂದ ಮಾಪಕ 100 ಎಂದು ತೋರಿಸುವಾಗ ವಾಹನ ನಿಜವಾಗಿ 112 ಕಿಲೋಮೀಟರ್ ಓಡಿರುತ್ತದೆ. ಯಜಮಾನರ 2,000 ಕಿಲೋಮೀಟರ್ ವಾಸ್ತವದಲ್ಲಿ 2,238 ಆಗಿತ್ತು.

ವ್ಯತ್ಯಾಸದ ವಿಶ್ಲೇಷಣೆ

ಇದನ್ನು ವೆಚ್ಚ ಲೆಕ್ಕಶಾಸ್ತ್ರದ ಕ್ರಮದಲ್ಲಿ ಬಿಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ನಿಜವಾದ 2,238 ಕಿಲೋಮೀಟರಿಗೆ ಹಳೆಯ ದರದಲ್ಲಿಯೇ 187 ಲೀಟರ್ ಬೇಕು. ಅಂದರೆ 'ಕೊರತೆ'ಯ 33 ಲೀಟರಿನಲ್ಲಿ 20 ಲೀಟರ್ ಕೇವಲ ಮಾಪಕದ ದೋಷ. ಆ ಡೀಸೆಲ್ ಚಕ್ರವನ್ನೇ ತಿರುಗಿಸಿದೆ. ಉಳಿದ 13 ಲೀಟರ್ ನಿಜವಾದ ಹೆಚ್ಚುವರಿ ಬಳಕೆ: ಲೀಟರಿಗೆ 12 ಇದ್ದದ್ದು ವಾಸ್ತವದಲ್ಲಿ 11.2ಕ್ಕೆ ಇಳಿದಿತ್ತು. ದೊಡ್ಡ ಟೈರು ಮತ್ತು ರಿಮ್ಮಿನ ತೂಕ, ಕೆಸರಿಗೆಂದು ಮಾಡಿದ ಒರಟು ಗುಬ್ಬಿಗಳು ಟಾರು ರಸ್ತೆಯಲ್ಲಿ ಒಡ್ಡುವ ಪ್ರತಿರೋಧ, ಬದಲಾದ ಗೇರ್ ಅನುಪಾತ ಇವುಗಳಿಂದ ಇಷ್ಟು ಇಳಿಕೆ ಸಹಜ. ಇದು ಯಜಮಾನರೇ ಆರಿಸಿಕೊಂಡ ವೆಚ್ಚ. ಚಾಲಕನ ಪಾಲಿಗೆ ಉಳಿದದ್ದು ಶೂನ್ಯ.

ಕಾಗದದ ಮೇಲಿನ ಲೆಕ್ಕವನ್ನು ಯಜಮಾನರು ಪೂರ್ತಿ ನಂಬಲಿಲ್ಲ. ಅದು ತಪ್ಪೂ ಅಲ್ಲ. ಮರುದಿನ ಬೆಳಿಗ್ಗೆ ನಾವು ಮೂವರೂ ಅದೇ ವಾಹನದಲ್ಲಿ ಕುಳಿತು ರಾಷ್ಟ್ರೀಯ ಹೆದ್ದಾರಿ 69ರಲ್ಲಿ, ಅಂದರೆ ಹಳೆಯ 206ರಲ್ಲಿ, ಭದ್ರಾವತಿಯ ಮಾರ್ಗವಾಗಿ ತರೀಕೆರೆಯ ಕಡೆಗೆ ಹೊರಟೆವು. ಕಿಲೋಮೀಟರ್ ಕಲ್ಲುಗಳನ್ನು ಯಜಮಾನರೇ ಎಣಿಸಿದರು. ಇಪ್ಪತ್ತು ಕಲ್ಲು ಕಳೆದಾಗ ಮಾಪಕ 17.9 ತೋರಿಸುತ್ತಿತ್ತು. ವಾಹನ ನಿಲ್ಲಿಸಲು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಯಜಮಾನರು ಚಾಲಕನಿಗೆ "ತಪ್ಪಾಯ್ತಪ್ಪ" ಎಂದರು. ಆತ, "ನಾನು ಹೇಳಿದ್ದೆ ಯಜಮಾನ್ರೇ, ನೀವು ಕೇಳಲಿಲ್ಲ" ಎಂದಷ್ಟೇ ಹೇಳಿ ಗಾಡಿ ತಿರುಗಿಸಿದ. ಹಿಡಿದಿದ್ದ 8,910 ರೂಪಾಯಿಗಳನ್ನು ಅಂದೇ ಹಿಂದಿರುಗಿಸಿ, ಇತರೆ ಆದಾಯದ ಜಮೆಯನ್ನು ರದ್ದುಪಡಿಸುವ ನಮೂದನ್ನು ಬರೆಸಿದೆವು. ನಷ್ಟದ ಹೆಸರಿನಲ್ಲಿ ವೇತನ ಕಡಿತ ಮಾಡುವ ಮುನ್ನ ನೌಕರನ ಮಾತನ್ನು ಕೇಳಬೇಕೆಂಬುದು ವೇತನ ಕಾನೂನಿನ ಹಳೆಯ ತತ್ವವೆಂಬುದನ್ನು ಸದಸ್ಯರು ಮರೆಯಬಾರದು.

ಮಾಪಕದ ಆಚೆಗಿನ ಪರಿಣಾಮಗಳು

ಡೀಸೆಲ್ ಲೆಕ್ಕ ಕೇವಲ ಒಂದು ಮುಖ. ವೇಗಮಾಪಕವೂ ಅದೇ ಪ್ರಮಾಣದಲ್ಲಿ ಕಡಿಮೆ ತೋರಿಸುತ್ತದೆ. ಅದರಲ್ಲಿ 60 ಕಂಡಾಗ ವಾಹನ 67ರ ಸಮೀಪದಲ್ಲಿರಬಹುದು. ಕಂಪನಿಯ ಮಾಪಕಗಳು ಮೂಲತಃ ತುಸು ಹೆಚ್ಚೇ ತೋರಿಸುವಂತೆ ಇರುವುದರಿಂದ ಈ ಅಂತರ ಸ್ವಲ್ಪ ತಗ್ಗೀತು, ಆದರೆ ಇಲ್ಲವಾಗದು. ಪ್ರತಿ 10,000 ಕಿಲೋಮೀಟರಿಗೆ ಮಾಡಿಸಬೇಕಾದ ಸರ್ವಿಸ್ 11,190ಕ್ಕೆ ಆಗುತ್ತದೆ. ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಪಡೆಯುವವರಂತೂ ಪ್ರತಿ ನೂರು ಕಿಲೋಮೀಟರಿಗೆ ಹನ್ನೆರಡನ್ನು ಉಚಿತವಾಗಿ ಓಡಿಸುತ್ತಿರುತ್ತಾರೆ.

ಚಕ್ರದ ತ್ರಿಜ್ಯ ಹೆಚ್ಚಿದಂತೆ ಎಂಜಿನ್ನಿನ ಎಳೆತ ರಸ್ತೆಯನ್ನು ತಲುಪುವ ವೇಳೆಗೆ ಸುಮಾರು ಶೇಕಡಾ 10ರಿಂದ 11ರಷ್ಟು ಕುಗ್ಗುತ್ತದೆ. ಭಾರ ಹೇರಿಕೊಂಡು ಆಗುಂಬೆ ಘಾಟಿಯನ್ನು ಏರುವಾಗ ಚಾಲಕನು ಒಂದು ಗೇರ್ ಕೆಳಗಿಳಿಸಬೇಕಾಗುತ್ತದೆ. ಬ್ರೇಕಿನ ವಿಷಯವೂ ಇದೇ: ಪೆಡಲನ್ನು ಮೊದಲಿನಷ್ಟೇ ಒತ್ತಿದರೆ ರಸ್ತೆಯ ಮೇಲೆ ಸಿಗುವ ತಡೆ ಅದೇ ಪ್ರಮಾಣದಲ್ಲಿ ಕಡಿಮೆ. ವಾಹನದ ಗುರುತ್ವ ಕೇಂದ್ರ ಮೇಲೇರುವುದರಿಂದ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. ರಿಮ್ಮು ಹೊರಕ್ಕೆ ಚಾಚಿದ್ದರೆ ಚಕ್ರದ ಬೇರಿಂಗ್ ಹಾಗೂ ಸ್ಟೇರಿಂಗ್ ಕೊಂಡಿಗಳ ಮೇಲೆ ಹೊರೆ ಬೀಳುತ್ತದೆ. ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುವುದೂ ಉಂಟು. ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಸ್ಟೆಪ್ನಿ ಹಳೆಯ ಅಳತೆಯದೇ ಉಳಿದು, ಅದನ್ನು ಜೋಡಿಸಿ ಗಟ್ಟಿ ರಸ್ತೆಯಲ್ಲಿ ನಾಲ್ಕೂ ಚಕ್ರಗಳ ಚಾಲನೆ ಹಾಕಿದರೆ ಗೇರ್‌ಪೆಟ್ಟಿಗೆಗಳೇ ಒಂದರೊಡನೊಂದು ಜಗ್ಗಾಡುತ್ತವೆ.

ಇಷ್ಟಕ್ಕೆ ಪ್ರತಿಯಾಗಿ ದೊರೆಯುವ ಲಾಭವೇನು? ಆಕ್ಸಲ್ ಪೆಟ್ಟಿಗೆ ನೆಲದಿಂದ 42 ಮಿ.ಮೀ. ಮೇಲೇರುತ್ತದೆ. ಸಸ್ಪೆನ್ಷನ್ ಎತ್ತರಿಸಿದರೆ ವಾಹನದ ಮೈ ಮಾತ್ರ ಏರುತ್ತದೆ, ಆಕ್ಸಲ್ ಏರುವುದಿಲ್ಲ. ಅದನ್ನು ಏರಿಸಬಲ್ಲದ್ದು ಟೈರು ಒಂದೇ. ಕಲ್ಲು, ಕೊರಕಲು ತುಂಬಿದ ದಾರಿಯಲ್ಲಿ ಈ ಅನುಕೂಲ ನಿಜವಾದದ್ದು. ಆದರೆ ಕೆಸರಿನಲ್ಲಿ ಹಿಡಿತ ಕೊಡುವುದು ಪ್ರಧಾನವಾಗಿ ಟೈರಿನ ಗುಬ್ಬಿಯ ವಿನ್ಯಾಸ ಮತ್ತು ಗಾಳಿಯ ಒತ್ತಡ. ಎತ್ತರದ ಪಾಲು ಕಡಿಮೆ. ಕಂಪನಿಯ ಅಳತೆಯಲ್ಲಿಯೇ 'ಆಲ್ ಟೆರೇನ್' ವಿನ್ಯಾಸದ ಟೈರು ದೊರೆಯುವುದಾದರೆ ನಮ್ಮ ತೋಟದ ದಾರಿಗಳಿಗೆ ಅದೇ ಬಹುಮಟ್ಟಿಗೆ ಸಾಕು. ಐಸ್‌ಲ್ಯಾಂಡ್ ದೇಶದಲ್ಲಿ ಹಿಮದ ಮೇಲೆ ಓಡಲು ಪಿಕಪ್‌ಗಳಿಗೆ 38 ಅಂಗುಲ, ಅದಕ್ಕೂ ದೊಡ್ಡ ಟೈರುಗಳನ್ನು ಹಾಕುತ್ತಾರೆ. ಆದರೆ ಅಲ್ಲಿ ಗೇರ್ ಅನುಪಾತ, ಸಸ್ಪೆನ್ಷನ್, ಮಾಪಕ ಎಲ್ಲವನ್ನೂ ಅದಕ್ಕೆ ಹೊಂದಿಸುತ್ತಾರೆ. ನಾವು ಟೈರನ್ನು ಮಾತ್ರ ನಕಲು ಮಾಡುತ್ತೇವೆ.

ಕಾನೂನಿನ ನಿಲುವು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಇದನ್ನು ದೃಢವಾಗಿ ಎತ್ತಿಹಿಡಿಯಿತು. ಖಾಸಗಿ ಕಾರಿನವರಿಗಿಂತ ನಮ್ಮ ಸದಸ್ಯರಿಗೆ ಇಲ್ಲಿ ಎಚ್ಚರ ಹೆಚ್ಚು ಬೇಕು. ಕಾರಣ, 58ನೆಯ ಪ್ರಕರಣದಂತೆ ಸಾರಿಗೆ ವಾಹನದ ನೋಂದಣಿ ದಾಖಲೆಯಲ್ಲಿ ಪ್ರತಿ ಚಕ್ರದ ಟೈರುಗಳ ಸಂಖ್ಯೆ, ಬಗೆ ಮತ್ತು ಅಳತೆ, ಜೊತೆಗೆ ಒಟ್ಟು ತೂಕ ಹಾಗೂ ಆಕ್ಸಲ್ ತೂಕ ನಮೂದಾಗಿರುತ್ತವೆ. ಸರಕು ಪಿಕಪ್‌ನಲ್ಲಿ ಟೈರಿನ ಅಳತೆ ಬದಲಾದರೆ ದಾಖಲೆಗೂ ವಾಹನಕ್ಕೂ ತಾಳೆಯಾಗುವುದಿಲ್ಲ. 2019ರ ತಿದ್ದುಪಡಿಯಿಂದ ಬಂದ 182ಎ ಪ್ರಕರಣದಲ್ಲಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಸಾರಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ವರ್ಷಕ್ಕೊಮ್ಮೆ ಅರ್ಹತಾ ಪತ್ರ ನವೀಕರಿಸಬೇಕಾದುದರಿಂದ ವಿಷಯ ಬಹುಕಾಲ ಮುಚ್ಚಿಡುವಂತಹುದೂ ಅಲ್ಲ. ಅಪಘಾತವಾದಾಗ ಘೋಷಿಸದ ಮಾರ್ಪಾಡನ್ನು ಮುಂದೊಡ್ಡಿ ವಿಮಾ ಕಂಪನಿಯು ಸ್ವಂತ ಹಾನಿಯ ಪರಿಹಾರಕ್ಕೆ ತಕರಾರು ತೆಗೆಯಬಹುದು.

ತೆರಿಗೆಯ ಲೆಕ್ಕ

ಸವೆದ ಟೈರಿನ ಬದಲಿಗೆ ಅದೇ ಅಳತೆಯ ಟೈರು ಹಾಕಿಸಿದರೆ ಅದು ಚಾಲ್ತಿ ದುರಸ್ತಿ. ಆ ವರ್ಷದ ವೆಚ್ಚವಾಗಿ ಪೂರ್ತಿ ಕಳೆಯಬಹುದು. ಚಾಲ್ತಿ ದುರಸ್ತಿಯೆಂದರೆ ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವುದೇ ಹೊರತು ಹೊಸ ಅನುಕೂಲ ಪಡೆಯುವುದಲ್ಲ ಎಂದು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅಗಲದ ರಿಮ್ಮು, ದೊಡ್ಡ ಟೈರು, ಎತ್ತರಿಸಿದ ಸಸ್ಪೆನ್ಷನ್ ಇವೆಲ್ಲ ಒಟ್ಟಾಗಿ ಬಂದಾಗ ಅದು ಬಂಡವಾಳ ವೆಚ್ಚವೆಂಬ ವಾದಕ್ಕೆ ಬಲ ಬರುತ್ತದೆ. ಆಗ ಸವಕಳಿ ಮಾತ್ರ ದೊರೆಯುತ್ತದೆ. ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ವೆಚ್ಚವನ್ನು ಒಪ್ಪಲಾಗದೆಂಬ ನಿಯಮವನ್ನೂ ಅಧಿಕಾರಿಗಳು ಎತ್ತಬಹುದು. ಸರಕು ಮತ್ತು ಸೇವಾ ತೆರಿಗೆಯಲ್ಲಿ ಹೊಸ ಟೈರಿನ ದರ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಸರಕು ಸಾಗಣೆಗೆ ಬಳಸುವ ವಾಹನಕ್ಕೆ ಹೂಡುವಳಿ ತೆರಿಗೆಯ ಜಮೆಯೂ ದೊರೆಯುತ್ತದೆ; ಬಿಲ್ಲಿನಲ್ಲಿ ಸಂಸ್ಥೆಯ ನೋಂದಣಿ ಸಂಖ್ಯೆ ಇರುವಂತೆ ನೋಡಿಕೊಳ್ಳಬೇಕು.

ಸದಸ್ಯರಿಗೆ ಕೆಲವು ಸಲಹೆಗಳು

1. ಟೈರು ಬದಲಿಸುವ ಮುನ್ನ ನೋಂದಣಿ ಪತ್ರ ಹಾಗೂ ವಾಹನದ ಕೈಪಿಡಿಯಲ್ಲಿರುವ ಅಳತೆಯನ್ನು ನೋಡಿ; ತಯಾರಕರು ಒಪ್ಪಿದ ಅಳತೆಯನ್ನು ಮೀರಬೇಡಿ. ಸಂದೇಹವಿದ್ದರೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ.
2. ಟೈರಿನ ಭಾರ ಸೂಚ್ಯಂಕ ಮೂಲ ಟೈರಿನದಕ್ಕಿಂತ ಕಡಿಮೆ ಇರದಿರಲಿ. ನೋಟಕ್ಕೆ ದೊಡ್ಡದಾದದ್ದು ಹೆಚ್ಚು ಭಾರ ಹೊರುತ್ತದೆಂಬ ಖಾತರಿಯಿಲ್ಲ.
3. ಸ್ಟೆಪ್ನಿಯೂ ಸೇರಿ ಐದೂ ಟೈರುಗಳು ಒಂದೇ ಅಳತೆಯವಾಗಿರಲಿ. ಗುಬ್ಬಿಯ ಆಳ 1.6 ಮಿ.ಮೀ.ಗೆ ಇಳಿಯುವ ಮೊದಲೇ ಬದಲಿಸಿ.
4. ಟೈರು ಬದಲಾದ ದಿನಾಂಕ, ಅಳತೆ ಮತ್ತು ಮಾಪಕದ ಅಂಕಿಯನ್ನು ಲಾಗ್ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಸಿ. ಹೆದ್ದಾರಿಯಲ್ಲಿ 20 ಕಿಲೋಮೀಟರ್ ಓಡಿಸಿ ಮಾಪಕವನ್ನು ತಾಳೆ ನೋಡಿ.
5. ಡೀಸೆಲ್ ಬಳಕೆ ಏರಿದಾಗ ಮೊದಲು ದುರಸ್ತಿ ಖಾತೆಯನ್ನು ತೆರೆಯಿರಿ, ಚಾಲಕನನ್ನು ಕರೆದು ಕೇಳಿ, ತೀರ್ಮಾನ ಆಮೇಲೆ.

ನಮ್ಮ ಕಕ್ಷಿದಾರರು ಮುಂದಿನ ತಿಂಗಳೇ ಮೂಲ ಅಳತೆಯ ಆಲ್ ಟೆರೇನ್ ಟೈರುಗಳಿಗೆ ಮರಳಿದರು. ತೆಗೆದ ದೊಡ್ಡ ಟೈರುಗಳು ಕೊಂಡ ಬೆಲೆಯ ಅರ್ಧಕ್ಕೂ ಮಾರಾಟವಾಗಲಿಲ್ಲ. ಆ ನಷ್ಟವನ್ನು ಖಾತೆಯಲ್ಲಿ ತೋರಿಸಲಾಗಿದೆ. ಹನ್ನೊಂದು ವರ್ಷದ ನಂಬಿಕಸ್ಥ ಚಾಲಕನನ್ನು ಕಳೆದುಕೊಂಡಿದ್ದರೆ ಆಗುತ್ತಿದ್ದ ನಷ್ಟವನ್ನು ತೋರಿಸಲು ಯಾವ ಖಾತೆಯೂ ಇಲ್ಲ. ಆತ ಇಂದಿಗೂ ಅದೇ ಪಿಕಪ್ ಓಡಿಸುತ್ತಿದ್ದಾನೆ. ಲಾಗ್ ಪುಸ್ತಕದಲ್ಲಿ ಲೀಟರಿಗೆ 11.8 ಎಂದಿದೆ.