ಬೇಸ್ ಗಿಟಾರ್‌ಗೆ ದಪ್ಪ ತಂತಿ ಹಾಕಿದರೆ ದಪ್ಪ ದನಿ ಬರುತ್ತದೆಯೇ? ಫ್ಲಾಟ್‌ವೌಂಡ್ ಕೊಳ್ಳುವ ಮುನ್ನ ಇದನ್ನು ಓದಿ

"ಹಳೇ ಹಾಡುಗಳಲ್ಲಿ ಕೇಳುವ ಆ ಗುಂಡಗಿನ, ತುಂಬಿದ ಬೇಸ್ ದನಿ ಬೇಕಾ? ಸಿಗುವುದರಲ್ಲೇ ಅತಿ ದಪ್ಪದ ಫ್ಲಾಟ್‌ವೌಂಡ್ ತಂತಿ ಹಾಕಿ. ಆಮೇಲೆ ಜನ್ಮದಲ್ಲಿ ಬದಲಾಯಿಸಬೇಡಿ."

ಬೇಸ್ ಗಿಟಾರ್ ಕಲಿಯುವವರಿಗೆ ಇಂಥ ಸಲಹೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅದರ ಹಿಂದೆಯೇ ಇನ್ನೊಂದು ಎಚ್ಚರಿಕೆಯೂ ಬರುತ್ತದೆ: "ಫ್ಲಾಟ್‌ವೌಂಡ್ ಹಾಕಬೇಡಿ, ಗಿಟಾರಿನ ನೆಕ್ ಬಗ್ಗಿ ಹಾಳಾಗುತ್ತದೆ." ಎರಡರಲ್ಲೂ ಅರ್ಧ ನಿಜವಿದೆ. ಆದರೆ ಅರ್ಧ ನಿಜವನ್ನು ನಂಬಿ ತಂತಿ ಕೊಂಡರೆ ನಷ್ಟ ಪೂರ್ತಿ ನಮ್ಮದೇ. ಫ್ಲಾಟ್‌ವೌಂಡ್ ಸೆಟ್ ಸಾಮಾನ್ಯ ತಂತಿಗಿಂತ ದುಬಾರಿ. ಒಮ್ಮೆ ಕತ್ತರಿಸಿ ಕಟ್ಟಿದ ತಂತಿಯನ್ನು ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಹಣದ ಜೊತೆಗೆ ನಿಮ್ಮ ಬೆರಳು, ಮಣಿಕಟ್ಟುಗಳ ಪ್ರಶ್ನೆಯೂ ಇದೆ.

ಚಿಕ್ಕದಾಗಿ ಹೇಳುವುದಾದರೆ, ಪೊಟ್ಟಣದ ಮೇಲಿನ ಸಂಖ್ಯೆ ತಂತಿಯ ದಪ್ಪವನ್ನು ಹೇಳುತ್ತದೆ. ಅದು ದನಿಯನ್ನು ಹೇಳುವುದಿಲ್ಲ, ಬಿಗಿಯನ್ನೂ ನೇರವಾಗಿ ಹೇಳುವುದಿಲ್ಲ. ನೀವು ನೋಡಬೇಕಾದದ್ದು ಬಿಗಿಯನ್ನು.

ಫ್ಲಾಟ್‌ವೌಂಡ್ ಅಂದರೇನು?

ಬೇಸ್ ಗಿಟಾರಿನ ತಂತಿ ಒಂದೇ ಎಳೆಯದಲ್ಲ. ನಡುವೆ ಉಕ್ಕಿನ ಒಂದು ಎಳೆ ಇರುತ್ತದೆ. ಅದರ ಸುತ್ತ ಬೇರೆ ಲೋಹದ ಎಳೆಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಹೊರಗೆ ಸುತ್ತಿದ ಎಳೆ ದುಂಡಗಿದ್ದರೆ ಅದು ರೌಂಡ್‌ವೌಂಡ್. ಬೆರಳಿಗೆ ಸ್ಕ್ರೂವಿನ ಮರೆಯಂತೆ ಏರಿಳಿತ ತಾಗುತ್ತದೆ, ಕೈ ಜಾರಿಸಿದರೆ ಕಿರ್ರೆನ್ನುತ್ತದೆ. ಹೊರಗಿನ ಎಳೆ ಚಪ್ಪಟೆ ಪಟ್ಟಿಯಾಗಿದ್ದರೆ ಅದು ಫ್ಲಾಟ್‌ವೌಂಡ್. ಮುಟ್ಟಿದರೆ ನುಣುಪು, ಕಿರ್ರೆನ್ನುವ ಸದ್ದು ಬಹಳ ಕಡಿಮೆ, ಫ್ರೆಟ್‌ಗಳೂ ಬೇಗ ಸವೆಯುವುದಿಲ್ಲ. ಪಿಟೀಲಿನ ಸುತ್ತು ತಂತಿಯನ್ನು ಮುಟ್ಟಿ ನೋಡಿದ್ದರೆ ನಿಮಗೆ ಈ ನುಣುಪು ಹೊಸತಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ದುಂಡನೆಯ ಎಳೆಗಳ ಸುತ್ತುಗಳ ನಡುವೆ ಸಂದು ಉಳಿಯುತ್ತದೆ. ಚಪ್ಪಟೆ ಪಟ್ಟಿ ಆ ಸಂದನ್ನು ಮುಚ್ಚುತ್ತದೆ. ಹಾಗಾಗಿ ಹೊರಗಿನ ದಪ್ಪ ಒಂದೇ ಆಗಿದ್ದರೂ ಫ್ಲಾಟ್‌ವೌಂಡ್‌ನಲ್ಲಿ ಸಾಮಾನ್ಯವಾಗಿ ಹೆಚ್ಚು ಲೋಹ, ಹೆಚ್ಚು ತೂಕ. ತೂಕ ಹೆಚ್ಚಾದರೆ ಅದೇ ಶ್ರುತಿಗೆ ತರಲು ಹೆಚ್ಚು ಬಿಗಿ ಮಾಡಬೇಕು. "ಅದೇ ನಂಬರಿನ ತಂತಿ ತಂದೆ, ಆದರೂ ಗಟ್ಟಿ ಅನ್ನಿಸುತ್ತಿದೆ" ಎಂಬ ದೂರಿಗೆ ಇದೇ ಕಾರಣ.

ಎಲ್ಲ ಕಂಪನಿಗಳಲ್ಲೂ ಹೀಗೇ ಎಂದಲ್ಲ. ಒಳಗಿನ ಎಳೆಯನ್ನು ಸಣ್ಣದಾಗಿಟ್ಟು, ಸುಲಭವಾಗಿ ಬಾಗುವಂತೆ ಮಾಡಿದ ಫ್ಲಾಟ್‌ವೌಂಡ್‌ಗಳೂ ಇವೆ. ಆಸ್ಟ್ರಿಯಾದ ಥೊಮಾಸ್ಟಿಕ್ ಇನ್‌ಫೆಲ್ಡ್ ಕಂಪನಿಯ 43ರಿಂದ 100ರ ಸೆಟ್ ಮೆತ್ತನೆಯ ಬಿಗಿಗೇ ಹೆಸರುವಾಸಿ. ಅಮೆರಿಕದ ಲಾ ಬೆಲ್ಲಾ ಕಂಪನಿ ಕಡಿಮೆ ಬಿಗಿಯ ಫ್ಲಾಟ್‌ವೌಂಡ್ ಎಂದೇ ಬೇರೆ ಸೆಟ್ ಮಾರುತ್ತದೆ.

45, 65, 85, 105: ಈ ಸಂಖ್ಯೆಗಳ ಲೆಕ್ಕವೇನು?

ಇವು ಇಂಚಿನ ಸಾವಿರ ಭಾಗಗಳಲ್ಲಿ ಹೇಳಿದ ದಪ್ಪ. 45 ಎಂದರೆ ಸುಮಾರು 1.14 ಮಿ.ಮೀ., 105 ಎಂದರೆ ಸುಮಾರು 2.67 ಮಿ.ಮೀ. ತೆಳುವಾದದ್ದು ಜಿ ತಂತಿ, ಅಲ್ಲಿಂದ ಡಿ, ಎ, ಕೊನೆಗೆ ಅತಿ ದಪ್ಪದ ಇ. ಸೆಟ್ ಕೇಳುವಾಗ ಮೊದಲ ಮತ್ತು ಕೊನೆಯ ಸಂಖ್ಯೆ ಮಾತ್ರ ಹೇಳುವುದು ರೂಢಿ: "45-105".

ಬಿಗಿಯ ಲೆಕ್ಕ ಸುಲಭ. ಒಂದೇ ಬಗೆಯ ತಂತಿ, ಒಂದೇ ಉದ್ದ, ಒಂದೇ ಶ್ರುತಿ ಇದ್ದಾಗ ಬಿಗಿಯು ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 100ರ ಬದಲು 110 ಹಾಕಿದರೆ ದಪ್ಪ ಹೆಚ್ಚಿದ್ದು ಶೇ. 10, ಬಿಗಿ ಹೆಚ್ಚಿದ್ದು ಶೇ. 21. 45ರ ಬದಲು 40 ಹಾಕಿದರೆ ಬಿಗಿ ಶೇ. 21ರಷ್ಟು ಇಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ ಬೆರಳಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಬಿಗಿ ಎಂದರೆ ಸಣ್ಣ ಬಲವೂ ಅಲ್ಲ. 34 ಇಂಚು ಉದ್ದದ ಸಾಮಾನ್ಯ ಬೇಸ್‌ನಲ್ಲಿ 45ರ ಜಿ ತಂತಿಯೊಂದೇ ಸುಮಾರು 19 ಕೆ.ಜಿ. ತೂಕದಷ್ಟು ಬಲದಿಂದ ನೆಕ್ಕನ್ನು ಎಳೆಯುತ್ತಿರುತ್ತದೆ. ನಾಲ್ಕೂ ಸೇರಿದರೆ ಸುಮಾರು 80 ಕೆ.ಜಿ. ದೊಡ್ಡ ಮನುಷ್ಯನೊಬ್ಬ ಹಗಲೂ ರಾತ್ರಿ ಜೋತುಬಿದ್ದಂತೆ.

ಒಂದೇ ದಪ್ಪ, ಎರಡು ದನಿ

ದಪ್ಪ ತಂತಿಯ ಸಲಹೆ ಎಲ್ಲಿಂದ ಬಂತು? ಬಹುಮಟ್ಟಿಗೆ ಅಮೆರಿಕದ ಡೆಟ್ರಾಯಿಟ್ ನಗರದಿಂದ. 1960ರ ದಶಕದಲ್ಲಿ ಅಲ್ಲಿನ ಮೋಟೌನ್ ಸಂಸ್ಥೆಯ ಹಾಡುಗಳಿಗೆ ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್. ಅವರದು 1962ರ ಫೆಂಡರ್ ಪ್ರಿಸಿಷನ್ ಬೇಸ್, ಅದಕ್ಕೆ ಲಾ ಬೆಲ್ಲಾದ ದಪ್ಪ ಫ್ಲಾಟ್‌ವೌಂಡ್ ತಂತಿ. 52, 73, 95, 110 ಅಳತೆಯ ಸೆಟ್ ಇಂದಿಗೂ ಅವರ ಹೆಸರಿನಲ್ಲೇ ಮಾರಾಟವಾಗುತ್ತದೆ. ತುಂಡಾಗುವವರೆಗೂ ಅವರು ತಂತಿ ಬದಲಾಯಿಸುತ್ತಿರಲಿಲ್ಲ ಎಂಬುದೂ ಪ್ರಸಿದ್ಧ. ಅವರ ದನಿ ಬೆಚ್ಚಗೆ, ಗುಂಡಗೆ, ಬೇಗ ಆರುವಂಥದ್ದು.

ಈಗ ಇನ್ನೊಬ್ಬರನ್ನು ನೋಡಿ. ಇಂಗ್ಲೆಂಡಿನ ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ತಂಡ ನುಡಿಸಿತ್ತು. ಆ ರಾತ್ರಿ ಅಲ್ಲಿದ್ದವರಿಗೆ ಅವರ ಬೇಸ್ ದನಿ ನೆನಪಿರಬಹುದು: ಕುದುರೆ ಓಡಿದಂತೆ ಟಕಟಕ, ಲೋಹದ ಖಣಖಣ. ಹ್ಯಾರಿಸ್ ಅವರದೂ ಪ್ರಿಸಿಷನ್ ಬೇಸ್. ತಂತಿಯೂ ಫ್ಲಾಟ್‌ವೌಂಡ್! ಅವರ ಹೆಸರಿನಲ್ಲಿ ರೋಟೋಸೌಂಡ್ ಕಂಪನಿ ಮಾರುವ ಸೆಟ್‌ನ ಅಳತೆ 50, 75, 95, 110.

ಒಂದೇ ಮಾದರಿಯ ಗಿಟಾರ್, ಒಂದೇ ಬಗೆಯ ತಂತಿ, ಹೆಚ್ಚುಕಡಿಮೆ ಒಂದೇ ದಪ್ಪ. ದನಿ ಮಾತ್ರ ಅಜಗಜಾಂತರ. ಹಾಗಾದರೆ ವ್ಯತ್ಯಾಸ ಬಂದದ್ದು ಎಲ್ಲಿಂದ? ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ ಮಿಡಿಯುತ್ತಿದ್ದರು, ತಂತಿ ವರ್ಷಗಟ್ಟಲೆ ಹಳೆಯದು, ಬ್ರಿಡ್ಜ್‌ನ ಮುಚ್ಚಳದಡಿ ಇದ್ದ ಫೋಮ್ ತುಂಡು ನಾದವನ್ನು ಬೇಗ ಆರಿಸುತ್ತಿತ್ತು. ಹ್ಯಾರಿಸ್ ಬೆರಳುಗಳಿಂದ ಜೋರಾಗಿ ಹೊಡೆಯುತ್ತಾರೆ, ತಂತಿ ಫ್ರೆಟ್‌ಗೆ ಬಡಿಯುತ್ತದೆ, ಮೇಲಾಗಿ ಅವರು ಪದೇಪದೇ ಹೊಸ ತಂತಿ ಹಾಕಿಸುವವರು. ದನಿಯನ್ನು ಬೇರೆ ಮಾಡಿದ್ದು ಕೈ, ತಂತಿಯ ವಯಸ್ಸು, ಫೋಮ್, ಆಂಪ್. ದಪ್ಪವಲ್ಲ.

ಜೇಮರ್ಸನ್ ಮೂಲತಃ ಆಳೆತ್ತರದ ಡಬಲ್ ಬೇಸ್ ನುಡಿಸಿ ಬಂದವರು ಎಂಬುದೂ ನೆನಪಿರಲಿ. ಆ ಗಟ್ಟಿ ತಂತಿಗೆ ಪಳಗಿದ್ದ ಕೈಗೆ 52-110 ಹೊರೆಯಾಗಲಿಲ್ಲ. ಕಲಿತು ಆರು ತಿಂಗಳಾದ ಕೈಗೆ ಅದೇ ತಂತಿ ಶಿಕ್ಷೆಯಾಗಬಹುದು.

ಹೊರೆ ಬೀಳುವುದು ಎಲ್ಲಿ?

ಹೆಚ್ಚಿನವರು ಕೊನೆಯ ಸಂಖ್ಯೆಯನ್ನಷ್ಟೇ ನೋಡುತ್ತಾರೆ. "ಈಗ 105 ಇದೆ, 110 ಆದರೆ ಏನು ಮಹಾ?" ಲೆಕ್ಕ ಹಾಕೋಣ. 45-65-85-105 ಬಿಟ್ಟು ಅದೇ ಬಗೆಯ 52-73-95-110 ಹಾಕಿದರೆ ಇ ತಂತಿಯ ಬಿಗಿ ಹೆಚ್ಚುವುದು ಶೇ. 10 ಮಾತ್ರ. ಎ ತಂತಿಯದು ಶೇ. 25, ಡಿ ತಂತಿಯದು ಶೇ. 26, ಜಿ ತಂತಿಯದು ಶೇ. 33!

ಎಡಗೈ ಬೆರಳು ಒತ್ತಿ ಒತ್ತಿ ಸೋಲುವುದು ಈ ತೆಳು ತಂತಿಗಳ ಮೇಲೆ. ಒಟ್ಟು ಎಳೆತ ಸುಮಾರು 20 ಕೆ.ಜಿ. ಹೆಚ್ಚಾಗುತ್ತದೆ. ನಾಲ್ಕು ತಂತಿಯ ನೆಕ್‌ಗೆ ಐದನೆಯ ತಂತಿ ಕಟ್ಟಿದಷ್ಟು. ಆದ್ದರಿಂದ ಸೆಟ್ ಆರಿಸುವಾಗ ನಾಲ್ಕೂ ಸಂಖ್ಯೆಗಳನ್ನು ಓದಿ, ಮುಖ್ಯವಾಗಿ ಮೊದಲಿನದನ್ನು.

ನೆಕ್ ಮುರಿಯುತ್ತದೆಯೇ?

ಸುಸ್ಥಿತಿಯಲ್ಲಿರುವ ಬೇಸ್‌ನಲ್ಲಿ ಇಲ್ಲ. ನೆಕ್‌ನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ತಂತಿಗಳು ಒಂದು ಕಡೆ ಎಳೆದರೆ ಅದು ಇನ್ನೊಂದು ಕಡೆಗೆ ಒತ್ತಿ ಸಮತೋಲ ಕಾಯುತ್ತದೆ. ಬಿಗಿ ಬದಲಾದಾಗ ನೆಕ್ ಸ್ವಲ್ಪ ಬಾಗುವುದು ಸಹಜ. ಸರಳನ್ನು ಕೀಲಿಯಿಂದ ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ತಿರುಗದೆ ಬಿಗಿದು ನಿಂತರೆ ಬಲ ಹಾಕಬೇಡಿ, ರಿಪೇರಿ ಬಲ್ಲವರ ಕೈಗೆ ಕೊಡಿ. ತುಂಬಾ ಹಳೆಯ, ಈಗಾಗಲೇ ಬಾಗಿರುವ ಅಥವಾ ಸರಳು ಕೆಲಸ ಮಾಡದ ಬೇಸ್‌ಗೆ ಕಡಿಮೆ ಬಿಗಿಯ ಸೆಟ್ಟೇ ಲೇಸು.

ಇನ್ನೊಂದು ಜಾಗವನ್ನೂ ಗಮನಿಸಿ. ಗಿಟಾರಿನ ತಲೆಯ ಬಳಿ ತಂತಿಗಳು ಕೂರುವ ಸಣ್ಣ ಗಾಡಿಗಳಿರುವ ಪಟ್ಟಿಗೆ ನಟ್ ಎನ್ನುತ್ತಾರೆ. ದಪ್ಪ ತಂತಿ ಆ ಗಾಡಿಯಲ್ಲಿ ಪೂರ್ತಿ ಕೂರದೆ ಮೇಲೆ ನಿಂತರೆ ಮೊದಲ ಫ್ರೆಟ್‌ಗಳಲ್ಲಿ ಒತ್ತುವುದು ಕಷ್ಟ, ಶ್ರುತಿಯೂ ಕೆಡುತ್ತದೆ. ಗಾಡಿ ಅಗಲಿಸಲು ಅರ ಹಾಕಬೇಕು. ಒಮ್ಮೆ ಅಗಲಿಸಿದರೆ ಮತ್ತೆ ತೆಳು ತಂತಿಗೆ ಮರಳುವಾಗ ಅದು ಸಡಿಲವಾಗಬಹುದು.

ಹಾಗಾದರೆ ಯಾವುದನ್ನು ಕೊಳ್ಳಬೇಕು?

• ಮೊದಲ ಬಾರಿ ಫ್ಲಾಟ್‌ವೌಂಡ್ ಹಾಕುವವರು: ಈಗಿನ ರೌಂಡ್‌ವೌಂಡ್ ಅಳತೆಗಿಂತ ಒಂದು ಹೆಜ್ಜೆ ಕಡಿಮೆ ತೆಗೆದುಕೊಳ್ಳಿ. ಈಗ 45-105 ಇದ್ದರೆ 45-100 ಅಥವಾ 43-104 ಆಸುಪಾಸು. ಮೆತ್ತನೆಯ ಹಿಡಿತ ಬೇಕಿದ್ದರೆ ಕಡಿಮೆ ಬಿಗಿಯ ಸೆಟ್.

• ಶ್ರುತಿ ಇಳಿಸಿ ನುಡಿಸುವವರು: ಒಂದು ಪೂರ್ತಿ ಸ್ವರ ಇಳಿಸಿದರೆ ಬಿಗಿ ಶೇ. 21ರಷ್ಟು ಇಳಿದು ತಂತಿ ಬಟ್ಟೆ ಒಣಗಿಸುವ ಹಗ್ಗದಂತೆ ಜೋಲುತ್ತದೆ. ದಪ್ಪ ಸೆಟ್ ನಿಜವಾಗಿ ಬೇಕಾಗುವುದು ಇಲ್ಲಿ. ಒಂದು ಸ್ವರ ಇಳಿಸಿದ 110, ಮಾಮೂಲಿ ಶ್ರುತಿಯ 100ಕ್ಕೆ ಹತ್ತಿರದ ಬಿಗಿಯಲ್ಲಿರುತ್ತದೆ.

• 30 ಇಂಚಿನ ಗಿಡ್ಡ ಬೇಸ್ ಇರುವವರು: 34 ಇಂಚಿಗೆ ಹೋಲಿಸಿದರೆ ಅದೇ ತಂತಿ ಅಲ್ಲಿ ಶೇ. 22ರಷ್ಟು ಸಡಿಲ. ಆದ್ದರಿಂದ ಸಾಧಾರಣ ದಪ್ಪವೂ ಹಗುರ ಅನ್ನಿಸುತ್ತದೆ. ಆದರೆ ಗಿಡ್ಡ ಬೇಸ್‌ಗೆಂದೇ ಮಾಡಿದ ಸೆಟ್ ಕೊಳ್ಳಿ.

• ಜೋರಾಗಿ ಮಿಡಿಯುವವರು: ಸ್ವಲ್ಪ ಹೆಚ್ಚು ಬಿಗಿ ಇದ್ದರೆ ತಂತಿ ಫ್ರೆಟ್‌ಗೆ ಕಡಿಮೆ ಬಡಿಯುತ್ತದೆ. ಮೃದುವಾಗಿ ಮಿಡಿಯುವವರಿಗೆ ಅದರ ಅಗತ್ಯವಿಲ್ಲ.

• ಹಳೇ ಹಾಡಿನ ದನಿಯಷ್ಟೇ ಬೇಕಿದ್ದವರು: ಮೊದಲು ಬ್ರಿಡ್ಜ್ ಬಳಿ ತಂತಿಗಳ ಕೆಳಗೆ ಸ್ಪಂಜಿನ ತುಂಡು ಸಿಕ್ಕಿಸಿ, ಟೋನ್ ಗುಂಡಿ ಇಳಿಸಿ ಕೇಳಿ. ಖರ್ಚು ಹೆಚ್ಚೆಂದರೆ ಹತ್ತು ರೂಪಾಯಿ.

ಕಟ್ಟುವಾಗ ಒಂದು ಎಚ್ಚರ: ಫ್ಲಾಟ್‌ವೌಂಡ್ ತಂತಿಯನ್ನು ಕತ್ತರಿಸುವ ಮುನ್ನ ಆ ಜಾಗದ ಕೆಳಗೆ ಲಂಬಕೋನಕ್ಕೆ ಮಡಿಸಿ. ನೇರವಾಗಿ ಕತ್ತರಿಸಿದರೆ ಹೊರಗಿನ ಪಟ್ಟಿ ಬಿಚ್ಚಿಕೊಂಡು ಹೊಸ ತಂತಿ ಸತ್ತಂತಾಗಬಹುದು.

"ಜನ್ಮದಲ್ಲಿ ಬದಲಾಯಿಸಬೇಡಿ" ಎಂಬುದು?

ಫ್ಲಾಟ್‌ವೌಂಡ್‌ನಲ್ಲಿ ಬೆವರು, ಕೊಳೆ ಕೂರಲು ಸಂದು ಕಡಿಮೆ, ಹಾಗಾಗಿ ಬಾಳಿಕೆ ಹೆಚ್ಚು. ವಯಸ್ಸಾದಂತೆ ಅದರ ಹೊಳಪಿನ ದನಿ ಇಳಿದು ಗುಂಡಗಾಗುವುದನ್ನೇ ಹಲವರು ಇಷ್ಟಪಡುತ್ತಾರೆ. ಆದರೆ ತುಕ್ಕು ಹಿಡಿದರೆ, ಪಟ್ಟಿ ಬಿಚ್ಚಿದರೆ, ಮೇಲಿನ ಫ್ರೆಟ್‌ಗಳಲ್ಲಿ ಎಷ್ಟು ಸರಿಮಾಡಿದರೂ ಶ್ರುತಿ ನಿಲ್ಲದಿದ್ದರೆ ತಂತಿ ಬದಲಾಯಿಸಲೇಬೇಕು.

ಕೊನೆಯದಾಗಿ ಕೈಯ ಮಾತು. ಹೊಸ ತಂತಿ ಹಾಕಿದ ಮೇಲೆ ಬೆರಳ ತುದಿ ಒಂದೆರಡು ದಿನ ಉರಿಯುವುದು ಸಾಮಾನ್ಯ. ಆದರೆ ಮಣಿಕಟ್ಟು ನೋಯುವುದು, ಬೆರಳು ಜೋಮು ಹಿಡಿಯುವುದು ಸಾಮಾನ್ಯವಲ್ಲ. ಅದು ಅಭ್ಯಾಸವಾಗಲಿ ಎಂದು ಸಹಿಸಿಕೊಳ್ಳಬೇಡಿ. ನುಡಿಸುವುದನ್ನು ನಿಲ್ಲಿಸಿ, ತಂತಿಯ ಎತ್ತರ ಮತ್ತು ಅಳತೆ ಇಳಿಸಿ, ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

"ದಪ್ಪ ತಂತಿ ಹಾಕು" ಎಂಬ ಸಂದೇಶ ಇನ್ನೊಮ್ಮೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಮರುಪ್ರಶ್ನೆ ಹಾಕಿ: ಯಾವ ಬೇಸ್‌ಗೆ, ಯಾವ ಶ್ರುತಿಗೆ, ಯಾರ ಕೈಗೆ?