ಗಾಳಿಯ ಲೆಕ್ಕ ಹಿಡಿದ ರೊದ್ದಂ ನರಸಿಂಹ

ಮೊದಲ ಮಳೆ ರಸ್ತೆ ಮೇಲೆ ಬೀಳೋದನ್ನ ಒಮ್ಮೆ ಗಮನಿಸಿ ನೋಡ್ರಿ. ಒಣ ಡಾಂಬರು ಒಮ್ಮೆಲೇ ಒದ್ದೆ ಆಗೋದಿಲ್ಲ. ಅಲ್ಲೊಂದು ಚುಕ್ಕೆ, ಇಲ್ಲೊಂದು ಚುಕ್ಕೆ. ಚುಕ್ಕೆಗಳು ಹೆಚ್ಚುತ್ತವೆ, ಒಂದರ ಮೇಲೊಂದು ಬೀಳುತ್ತವೆ, ಕೂಡಿಕೊಳ್ಳುತ್ತವೆ. ಸ್ವಲ್ಪ ಹೊತ್ತಿಗೆ ಒಣ ಜಾಗವೇ ಉಳಿಯೋದಿಲ್ಲ. ‘ಈ ಕ್ಷಣಕ್ಕೆ ರಸ್ತೆಯ ಎಷ್ಟು ಭಾಗ ಒದ್ದೆಯಾಗಿದೆ?’ ಅಂತ ಕೇಳಿದರೆ ಅದಕ್ಕೆ ಗಣಿತದಲ್ಲಿ ಉತ್ತರವಿದೆ. ಹೆಚ್ಚುಕಡಿಮೆ ಅದೇ ಜಾತಿಯ ಗಣಿತವನ್ನು ವಿಮಾನದ ರೆಕ್ಕೆ ಮೇಲೆ ಹರಿಯುವ ಗಾಳಿಗೆ ಹೊಂದಿಸಿ, 1957ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಪ್ರಬಂಧ ಬರೆದ ಕನ್ನಡಿಗರೊಬ್ಬರಿದ್ದರು. ಹೆಸರು ರೊದ್ದಂ ನರಸಿಂಹ.

ಈಗ ಅವರ ನೆನಪು ಯಾಕೆ ಅಂದರೆ, ನಮ್ಮ ಹಿಂಡಲಗಾದ ಮನೆಯಲ್ಲಿ ಒಂದು ವಾದ ನಡೆದಿದೆ. ಕಾಕಾನ ಮಗ ಪಿಯುಸಿ ಮುಗಿಸಿದ್ದಾನೆ, ಮೆಕ್ಯಾನಿಕಲ್ ತಗೋತೀನಿ ಅಂತಾನೆ. ಕಾಕಾ ಒಪ್ಪುತ್ತಿಲ್ಲ. “ಮೆಕ್ಯಾನಿಕಲ್‌ದಾಗ ಏನೈತಿ? ಸುಮ್ನ ಕಂಪ್ಯೂಟರ್ ಸೈನ್ಸ್ ತಗೋ. ಅಣ್ಣನ್ನ ನೋಡು” ಅಂತ ನನ್ನ ಕಡೆ ಬೊಟ್ಟು ಮಾಡುತ್ತಾರೆ. ನಾನು ಬೆಳಗಾವಿಯಲ್ಲೇ ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್‌ಗೆ ಬಂದವನು. ಕೆಲಸ ಚೆನ್ನಾಗಿಯೇ ಇದೆ, ದೂರಿಲ್ಲ. ಆದರೆ ‘ಅದರಲ್ಲಿ ಏನಿದೆ’ ಅನ್ನೋ ಪ್ರಶ್ನೆಗೆ ನನಗೆ ತಿಳಿದಿರುವ ಅತ್ಯುತ್ತಮ ಉತ್ತರ ನರಸಿಂಹ ಅವರ ಬದುಕು.

ಅಂಗಳದಲ್ಲಿ ನಿಂತಿದ್ದ ವಿಮಾನ

ನರಸಿಂಹ ಹುಟ್ಟಿದ್ದು 1933ರ ಜುಲೈ 20ರಂದು, ಬೆಂಗಳೂರಿನಲ್ಲಿ. ತಂದೆ ಆರ್. ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ 1953ರಲ್ಲಿ ಈಗಿನ ಯುವಿಸಿಇಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದರು. ಆಗ ಆ ಕಾಲೇಜು ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿತ್ತು.

ಅವತ್ತಿನ ‘ಸೇಫ್ ಜಾಬ್’ ಅಂದರೆ ರೈಲ್ವೆ, ಇಲ್ಲವೇ ಬರ್ಮಾ ಶೆಲ್ ಕಂಪನಿ. ಹಿರಿಯರ ಸಲಹೆಯೂ ಅದೇ ಆಗಿತ್ತು. ಆದರೆ ಹುಡುಗ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇಗೆ ಹೋದಾಗ ಏರೋನಾಟಿಕ್ಸ್ ವಿಭಾಗದ ಅಂಗಳದಲ್ಲಿ ನಿಂತಿದ್ದ ಸ್ಪಿಟ್‌ಫೈರ್ ಯುದ್ಧವಿಮಾನ ನೋಡಿಬಿಟ್ಟಿದ್ದ. ರೈಲ್ವೆ ಬಿಟ್ಟು ಅಲ್ಲಿಗೇ ಸೇರಿದ. ಅಲ್ಲಿ ಸಿಕ್ಕ ಗುರು ಸತೀಶ್ ಧವನ್, ಮುಂದೆ ಇಸ್ರೋ ಮುನ್ನಡೆಸಿದ ಅದೇ ಧವನ್.

ಚುಕ್ಕೆಗಳ ಗುಟ್ಟು

ಈಗ ಆ ಮಳೆಹನಿಯ ವಿಷಯಕ್ಕೆ ಬರೋಣ. ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದರೆ ನೀರು ಗಾಜಿನ ಕಡ್ಡಿಯ ಹಾಗೆ ನಯವಾಗಿ ಇಳಿಯುತ್ತದೆ. ಇದು ಲ್ಯಾಮಿನಾರ್ ಹರಿವು. ಇನ್ನಷ್ಟು ತಿರುಗಿಸಿದರೆ ಒಳಗೆಲ್ಲ ಸುಳಿ, ಗದ್ದಲ. ಇದು ಟರ್ಬುಲೆಂಟ್ ಹರಿವು. ರೆಕ್ಕೆಗೆ ಅಂಟಿಕೊಂಡೇ ಸಾಗುವ ತೆಳು ಗಾಳಿಪದರದಲ್ಲೂ ಹೀಗೇ ಆಗುತ್ತದೆ. ಮುಂದಂಚಿನಲ್ಲಿ ನಯವಾಗಿರುವ ಪದರ ಹಿಂದಕ್ಕೆ ಹೋದಂತೆ ಕದಡುತ್ತದೆ.

ಕದಡಿದರೆ ಏನಾಯ್ತು ಅಂತೀರಾ? ಘರ್ಷಣೆ ಹೆಚ್ಚುತ್ತದೆ, ಇಂಧನ ಹೆಚ್ಚು ಬೇಕು. ಜೆಟ್ ಎಂಜಿನ್ನಿನ ಟರ್ಬೈನ್ ಎಲೆಯ ಮೇಲಾದರೆ ಶಾಖವೂ ಹೆಚ್ಚು ತಾಗುತ್ತದೆ. ಹಾಗಾಗಿ ಎಲ್ಲಿ, ಎಷ್ಟು ಕದಡುತ್ತದೆ ಅನ್ನೋದು ಡಿಸೈನ್ ಮಾಡುವವರಿಗೆ ಬೇಕೇಬೇಕು.

1951ರಲ್ಲಿ ಅಮೆರಿಕದ ಎಮನ್ಸ್ ಒಂದು ಮುಖ್ಯ ಸಂಗತಿ ಹೇಳಿದ್ದರು: ಗಾಳಿಪದರ ಒಮ್ಮೆಲೇ ಕದಡೋದಿಲ್ಲ, ಮೊದಲು ಅಲ್ಲಲ್ಲಿ ಚುಕ್ಕೆಗಳು ಹುಟ್ಟುತ್ತವೆ, ಅವು ಬೆಳೆಯುತ್ತಾ ಕೂಡಿಕೊಳ್ಳುತ್ತವೆ. ಥೇಟ್ ರಸ್ತೆ ಮೇಲಿನ ಹನಿಗಳ ಹಾಗೆ. ಆದರೆ ಆ ಚುಕ್ಕೆಗಳು ಎಲ್ಲಿ ಹುಟ್ಟುತ್ತವೆ? ಮಳೆಹನಿಯಂತೆ ಎಲ್ಲ ಕಡೆಯೂ ಅಂತ ಹಿಡಿದು ಮಾಡಿದ ಲೆಕ್ಕ, ಅಳತೆಗೆ ತಾಳೆಯಾಗುತ್ತಿರಲಿಲ್ಲ. ನರಸಿಂಹ ತೋರಿಸಿದ್ದು ಇದನ್ನು: ಚುಕ್ಕೆಗಳು ಹುಟ್ಟುವುದು ಬಹುಪಾಲು ಒಂದೇ ಒಂದು ಇಕ್ಕಟ್ಟಾದ ಪಟ್ಟಿಯಲ್ಲಿ, ಅಲ್ಲಿಂದ ಹರಿವಿನ ಜೊತೆ ಸಾಗುತ್ತಾ ದೊಡ್ಡವಾಗುತ್ತವೆ. ಹೀಗೆ ಹಿಡಿದಾಗ ಬರುವ ಪುಟ್ಟ ಸೂತ್ರ ಪ್ರಯೋಗದ ಅಂಕಿಗಳ ಮೇಲೆ ಸರಿಯಾಗಿ ಕೂತಿತು. ಮರುವರ್ಷ ಧವನ್ ಜೊತೆ ಬರೆದ ಪ್ರಬಂಧವೂ ಬಂತು. ಅರವತ್ತು ವರ್ಷ ದಾಟಿದರೂ ಟರ್ಬೈನ್ ಲೆಕ್ಕಗಳಲ್ಲಿ ಆ ಸೂತ್ರ ಬಳಕೆಯಲ್ಲಿದೆ.

ಟರ್ಬುಲೆನ್ಸ್ ಸುಲಭದ ವಿಷಯವಲ್ಲ. ರಷ್ಯಾದ ದೊಡ್ಡ ಗಣಿತಜ್ಞ ಕೊಲ್ಮೊಗೊರೊವ್ 1941ರಲ್ಲಿ ಅದಕ್ಕೊಂದು ಸಿದ್ಧಾಂತ ಕೊಟ್ಟರು, ಆದರೂ ಪೂರ್ತಿ ಬಿಡಿಸಿದವರು ಇವತ್ತಿಗೂ ಇಲ್ಲ. ಅಂಥದ್ದರ ಒಂದು ಮೂಲೆಯನ್ನು ಬೆಂಗಳೂರಿನಲ್ಲಿ ಕೂತ ಹುಡುಗನೊಬ್ಬ ತಿಳಿ ಮಾಡಿದ ಅನ್ನೋದು ಸಣ್ಣ ಮಾತಲ್ಲ.

ಹೋದರು, ತಿರುಗಿ ಬಂದರು

1957ರಲ್ಲಿ ನರಸಿಂಹ ಅಮೆರಿಕದ ಕ್ಯಾಲ್ಟೆಕ್‌ಗೆ ಹೋದರು. ಧವನ್‌ಗೆ ಕಲಿಸಿದ ಹಾನ್ಸ್ ಲೀಪ್‌ಮನ್ ಅವರೇ ಇವರಿಗೂ ಮಾರ್ಗದರ್ಶಕರು. ಅದೇ ಅಕ್ಟೋಬರ್‌ನಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಎಲ್ಲರ ಕಣ್ಣು ಆಕಾಶದ ಮೇಲಿದ್ದಾಗ ಇವರೂ ಅತಿ ಎತ್ತರದಲ್ಲಿ ವಿರಳವಾಗುವ ಗಾಳಿಯ ಅಧ್ಯಯನಕ್ಕೆ ಹೊರಳಿದರು. 1961ಕ್ಕೆ ಪಿಎಚ್‌.ಡಿ, 1962ಕ್ಕೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಗೆ.

ಆಮೇಲೆ ಹಿಡಿದದ್ದು ಉಲ್ಟಾ ಪ್ರಶ್ನೆ: ಕದಡಿದ ಹರಿವು ಮತ್ತೆ ತಿಳಿಯಾಗಬಹುದಾ? ಆಗಬಹುದು. ಹರಿವನ್ನು ಜೋರಾಗಿ ಮುಂದಕ್ಕೆ ದೂಡಿದರೆ ಕೆಲವೊಮ್ಮೆ ಗದ್ದಲ ಅಡಗುತ್ತದೆ. ಇದರ ಮೇಲೆ ವಿದ್ಯಾರ್ಥಿ ಕೆ. ಆರ್. ಶ್ರೀನಿವಾಸನ್ ಜೊತೆ 1970ರ ದಶಕದಲ್ಲಿ ಮಾಡಿದ ಕೆಲಸ ಈ ಕ್ಷೇತ್ರದಲ್ಲಿ ಎಲ್ಲರೂ ಓದುವಂಥದ್ದು.

ಸೂಪರ್ ಕಂಪ್ಯೂಟರ್ ಸಿಗದಿದ್ದರೆ?

ನನ್ನಂಥವರಿಗೆ ಇಷ್ಟವಾಗೋ ಭಾಗ ಇದು. 1984ರಿಂದ 1993ರವರೆಗೆ ಅವರು ಬೆಂಗಳೂರಿನ ಎನ್‌ಎಎಲ್ ನಿರ್ದೇಶಕರಾಗಿದ್ದರು. ಗಾಳಿಯ ಹರಿವಿನ ಸಮೀಕರಣ ಬಿಡಿಸಲು ಭಾರೀ ಕಂಪ್ಯೂಟರ್ ಬೇಕು. ಆ ಕಾಲದಲ್ಲಿ ಅಮೆರಿಕದಿಂದ ಸೂಪರ್ ಕಂಪ್ಯೂಟರ್ ತರುವುದು ದುಡ್ಡಿದ್ದರೂ ಸುಲಭವಿರಲಿಲ್ಲ. ಅವರ ತಂಡ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಮಾಮೂಲಿ ಪ್ರೊಸೆಸರ್‌ಗಳನ್ನೇ ಜೋಡಿಸಿ, ಲೆಕ್ಕವನ್ನು ಹಂಚಿ, ಒಟ್ಟಿಗೆ ಓಡಿಸಿತು. 1986ರಲ್ಲಿ ಹುಟ್ಟಿದ ಆ ಯಂತ್ರದ ಹೆಸರು ಫ್ಲೋಸಾಲ್ವರ್, ಭಾರತದ ಮೊದಲ ಪ್ಯಾರಲಲ್ ಕಂಪ್ಯೂಟರ್. ಎಲ್ಲರಿಗೂ ಗೊತ್ತಿರುವ ‘ಪರಮ್’ ಬಂದಿದ್ದು ಅದಾಗಿ ಐದು ವರ್ಷಕ್ಕೆ. ಫ್ಲೋಸಾಲ್ವರ್‌ನ ಮುಂದಿನ ಆವೃತ್ತಿಗಳ ಮೇಲೆ ಹವಾಮಾನ ಮುನ್ಸೂಚನೆಯ ಪ್ರೋಗ್ರಾಂ ಕೂಡ ಓಡಿತು.

ಗಮನಿಸ್ರಿ, ಇಲ್ಲಿ ಕಂಪ್ಯೂಟರ್ ಹುಟ್ಟಿದ್ದೇ ಮೆಕ್ಯಾನಿಕ್ಸ್‌ನ ಒಂದು ಪ್ರಶ್ನೆಯಿಂದ. ನಮ್ಮ ಮನೆಯ ವಾದದಲ್ಲಿ ಇವೆರಡನ್ನೂ ಎದುರುಬದುರು ನಿಲ್ಲಿಸಿದ್ದೇವೆ.

ನಿಜವಾದ ಕ್ಲೌಡ್

ಕ್ಲೌಡ್ ಅಂದರೆ ನಮಗೆ ಸರ್ವರ್ ನೆನಪಾಗುತ್ತದೆ. ನರಸಿಂಹ ತಲೆ ಕೆಡಿಸಿಕೊಂಡಿದ್ದು ಆಕಾಶದ ಮೋಡಗಳ ಬಗ್ಗೆ. 1990ರಲ್ಲಿ ಮುಂಗಾರಿನ ಅಧ್ಯಯನಕ್ಕೆ ಜೋಧಪುರದಿಂದ ಖರಗ್‌ಪುರದವರೆಗೆ ಗೋಪುರಗಳನ್ನು ನಿಲ್ಲಿಸಿ ನೆಲದ ಹತ್ತಿರದ ಗಾಳಿಯನ್ನು ಅಳೆದ ‘ಮಾಂಟ್‌ಬ್ಲೆಕ್ಸ್’ ಯೋಜನೆಯಲ್ಲಿ ಅವರ ಪಾತ್ರ ದೊಡ್ಡದು.

ಮುಂದೆ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ನೀರಿನ ತೊಟ್ಟಿಯೊಳಗೇ ಮೋಡ ಮಾಡಿದರು! ಆವಿ ಹನಿಯಾಗುವಾಗ ಶಾಖ ಬಿಡುಗಡೆಯಾಗುತ್ತದೆ, ಮೋಡ ಮೇಲೆ ಉಬ್ಬೋದು ಅದರಿಂದಲೇ. ಅವರ ತಂಡ ತೊಟ್ಟಿಯಲ್ಲಿ ಮೇಲೇರುವ ನೀರಿನ ಧಾರೆಯನ್ನು ನಡುವೆ ಒಂದು ಎತ್ತರದಲ್ಲಿ ವಿದ್ಯುತ್ತಿನಿಂದ ಬಿಸಿ ಮಾಡಿತು. ಬಿಸಿ ಕೊಡುವ ರೀತಿ ಬದಲಿಸಿದಂತೆ ನಾವು ಆಕಾಶದಲ್ಲಿ ನೋಡುವ ಬಗೆಬಗೆಯ ಮೋಡಗಳ ಆಕಾರವೇ ಮೂಡಿತು. ಈ ಪ್ರಬಂಧ 2011ರಲ್ಲಿ ಪ್ರಕಟವಾದಾಗ ಅವರಿಗೆ 78ರ ಆಸುಪಾಸು. ಮಲಪ್ರಭೆ ಹುಟ್ಟುವ ಖಾನಾಪುರದ ಕಣಕುಂಬಿಯಲ್ಲಿ ಮೋಡ ಘಟ್ಟಕ್ಕೆ ತಾಗಿ ಸುರಿಯೋದನ್ನು ನೋಡಿದವರಿಗೆ ಈ ಪ್ರಶ್ನೆ ಎಷ್ಟು ಹತ್ತಿರದ್ದು ಅಂತ ಹೇಳಬೇಕಿಲ್ಲ.

ಇದರ ನಡುವೆಯೇ ಮೈಸೂರಿನ ಹೈದರ್, ಟಿಪ್ಪು ಕಾಲದ ರಾಕೆಟ್‌ಗಳ ಬಗ್ಗೆ ಸಂಶೋಧನೆ ಮಾಡಿ 1985ರಲ್ಲಿ ಬರೆದರು. ಬಾಹ್ಯಾಕಾಶ ಆಯೋಗದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದರು. 2012ರಲ್ಲಿ ಆಂಟ್ರಿಕ್ಸ್-ದೇವಾಸ್ ವಿಷಯದಲ್ಲಿ ನಾಲ್ವರು ಹಿರಿಯ ವಿಜ್ಞಾನಿಗಳಿಗೆ ಸರ್ಕಾರಿ ಹುದ್ದೆ ನಿಷೇಧಿಸಿದ್ದನ್ನು ವಿರೋಧಿಸಿ ಆಯೋಗದಿಂದ ಹೊರಬಂದರು. ಮರುವರ್ಷ ಅವರಿಗೆ ಪದ್ಮವಿಭೂಷಣ ಬಂತು. 2020ರ ಡಿಸೆಂಬರ್ 14ರಂದು, 87ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ನಮಗೇನು?

ಬೆಳಗಾವಿಗೂ ವಿಮಾನಕ್ಕೂ ಈಗ ನಂಟಿದೆ. ಹತ್ತರಗಿ ಹತ್ತಿರದ ವಿಶೇಷ ಆರ್ಥಿಕ ವಲಯದಲ್ಲಿ ದೊಡ್ಡ ದೊಡ್ಡ ವಿಮಾನಗಳ ಬಿಡಿಭಾಗ ತಯಾರಾಗುತ್ತವೆ. ಹೆಮ್ಮೆಯ ವಿಷಯವೇ. ಆದರೆ ಡ್ರಾಯಿಂಗ್ ಬಹುತೇಕ ಹೊರಗಿನಿಂದ ಬರುತ್ತದೆ, ಐಟಿಯಲ್ಲಿ ನಮಗೆ ಟಿಕೆಟ್ ಬರುವ ಹಾಗೆ. ಬಂದದ್ದನ್ನು ನೀಟಾಗಿ ಮುಗಿಸೋದರಲ್ಲಿ ನಾವು ಹುಷಾರು. ‘ಚುಕ್ಕೆ ಎಲ್ಲಿ ಹುಟ್ಟುತ್ತದೆ?’ ಅಂತ ಕೇಳುವವರು ಕಡಿಮೆ.

ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ನಮಗೆ, ಒಂದೇ ಪ್ರಶ್ನೆಯ ಜೊತೆ ಅರವತ್ತು ವರ್ಷ ಇರೋದು ವಿಚಿತ್ರ ಅನ್ನಿಸಬಹುದು. ಎಲ್ಲರೂ ಹಾಗೆ ಇರಬೇಕಾಗಿಯೂ ಇಲ್ಲ. ಆದರೆ ಮನೆಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಗಾಳಿ, ನೀರು, ಯಂತ್ರ ಅಂತ ಕಣ್ಣರಳಿಸಿದರೆ, ಪ್ಯಾಕೇಜ್ ಎಷ್ಟು ಅಂತ ಕೇಳೋ ಮೊದಲು ನರಸಿಂಹ ಅವರ ಕಥೆ ಹೇಳ್ರಿ. ಕಾಕಾನಿಗೂ ಈ ಲೇಖನದ ಲಿಂಕ್ ಕಳಿಸುತ್ತಿದ್ದೇನೆ.